ಕ್ಯಾರವಾನ್ ಮಲಗುವ ಊರಿನ ವಿಳಾಸ

ಲೀಡ್ಸ್, ಭಾನುವಾರ

ಚಿರಂಜೀವಿ ಪ್ರಮೋದನಿಗೆ,

ಮಂಡಿನೋವೊಂದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಿನ್ನ, ಮೇಘನಾಳ, ಪುಟ್ಟಿಯ ಸಮಾಚಾರ ವಾಟ್ಸಾಪಿನಲ್ಲಿ ಸಿಗುತ್ತಲೇ ಇರುತ್ತದೆ. ಆದರೆ ಈಗ ಹೇಳಬೇಕಾದ ಮಾತು ಉದ್ದದ್ದು. ಆ ಪುಟ್ಟ ಪರದೆಯ ಮೇಲೆ ಬೆರಳಿನಲ್ಲಿ ಕುಟ್ಟುತ್ತಾ ಕೂರುವ ತಾಳ್ಮೆ ನನಗಿಲ್ಲ. ಅದಕ್ಕೇ ಈ ಕಾಗದ.

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ದಕ್ಷಿಣ ಫ್ರಾನ್ಸಿನ ಬೆಜಿಯೆ ಊರಾಚೆಯ ದ್ರಾಕ್ಷಿತೋಟ, ಅದರ ಅಂಚಿಗೆ ಉದ್ದನೆಯ ತಗಡಿನ ಶೆಡ್ಡು, ಒಳಗೆ ಸಾಲಾಗಿ ನಿಂತ ಕ್ಯಾರವಾನುಗಳು. ಶೆಡ್ಡಿನ ಮಾಲೀಕ ರೈತ ಒಳ್ಳೆಯವನ ಹಾಗೇ ಕಾಣುತ್ತಾನೆ. ನಿನ್ನ ಲೆಕ್ಕವೂ ಅರ್ಥವಾಯಿತು. ಕ್ಯಾಲೆಯಿಂದ ಅಲ್ಲಿಗೆ ಸಾವಿರ ಕಿಲೋಮೀಟರಿಗೂ ಮಿಗಿಲು; ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಹೋದರೆ ಎಣ್ಣೆ, ಟೋಲು, ಹಡಗಿನ ಚಾರ್ಜು ಎಲ್ಲವೂ ಏರುತ್ತವೆ. ಅಲ್ಲೇ ಬಿಟ್ಟು ಬಂದರೆ ಬರೀ ಕಾರಿನಲ್ಲಿ ಹೋಗಿಬರಬಹುದು, ರೀಡಿಂಗ್ ಬಳಿ ಕ್ಯಾರವಾನ್ ಇಡಲು ನೀನು ಕಟ್ಟುವ ಬಾಡಿಗೆಯೂ ಉಳಿಯುತ್ತದೆ. ಇದರಲ್ಲೇನೂ ತಪ್ಪಿಲ್ಲ, ಎಷ್ಟೋ ಜನ ಮಾಡುತ್ತಾ ಬಂದಿರುವ ಕೆಲಸವೇ. ಆದರೆ ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, "ಇನ್ಶೂರೆನ್ಸ್ ಹೇಗೂ ಇದೆ ಅತ್ತೆ, ಯುರೋಪ್ ಪೂರ್ತಿ ಕವರ್ ಆಗತ್ತೆ" ಅಂತ, ಅಲ್ಲಿಗೆ ನನ್ನ ಓದು ನಿಂತುಹೋಯಿತು. ನಿವೃತ್ತಿಯಾಗುವ ತನಕ ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೂತವಳು ನಾನು. "ಹೇಗೂ ಇದೆ" ಅಂದುಕೊಂಡವರ ಕಡತಗಳೇ ನನ್ನ ಮೇಜಿನ ಮೇಲೆ ಹೆಚ್ಚು ಬರುತ್ತಿದ್ದವು.

ಮೊದಲು ಪಾಲಿಸಿಯ ಶೆಡ್ಯೂಲ್ ಹಾಳೆ ತೆಗೆದು ಮುಂದಿಟ್ಟುಕೋ. ನಲವತ್ತು ಪುಟದ ಪುಸ್ತಿಕೆ ಆಮೇಲೆ ನೋಡಿದರಾಯಿತು. ಶೆಡ್ಯೂಲಿನಲ್ಲಿ ನಿನ್ನ ಹೆಸರು, ಕ್ಯಾರವಾನಿನ ಮಾದರಿ, ಅದರ ಬೆಲೆ, ಕಿಟಕಿ ಗಾಜಿನ ಮೇಲೆ ಕೊರೆದಿರುವ 17 ಅಂಕಿ-ಅಕ್ಷರಗಳ ಕ್ರಿಸ್ ನೋಂದಣಿ ಸಂಖ್ಯೆ ಇರುತ್ತವೆ. ಅವುಗಳ ಕೆಳಗೆ ಯಾರೂ ಎರಡು ಸಲ ಓದದ ಒಂದು ಸಾಲಿರುತ್ತದೆ: ಬಳಸದೇ ಇರುವಾಗ ಕ್ಯಾರವಾನ್ ಇಡುವ ಜಾಗ, ಅದರ ಪೋಸ್ಟ್‌ಕೋಡು. ನಿನ್ನದರಲ್ಲಿ ರೀಡಿಂಗ್ ಹತ್ತಿರದ ಆ ಸ್ಟೋರೇಜ್ ಯಾರ್ಡಿನ ವಿಳಾಸ ಇದೆ, ಅಲ್ಲವೇ? ಅದಕ್ಕೆ ಕ್ಯಾರವಾನ್ ಯಾರ್ಡ್ ಮಾಲೀಕರ ಕಾಸೋವಾ ಸಂಘದ ಗೋಲ್ಡ್ ದರ್ಜೆ ಇದೆಯೆಂದು ನೀನೇ ಒಮ್ಮೆ ಜಂಬದಿಂದ ಹೇಳಿದ್ದೆ. ಎತ್ತರದ ಬೇಲಿ, ಬೀಗದ ಗೇಟು, ಕ್ಯಾಮೆರಾ, ರಾತ್ರಿ ಕಾವಲು ಇವನ್ನೆಲ್ಲ ನೋಡಿ ಆ ಸಂಘ ಗೋಲ್ಡ್, ಸಿಲ್ವರ್, ಬ್ರಾಂಜ್ ಎಂದು ಅಂಕ ಕೊಡುತ್ತದೆ. ಅದನ್ನು ನೋಡಿ ಕಂಪನಿ ಪ್ರೀಮಿಯಂ ಇಳಿಸುತ್ತದೆ. ಎಂದರೆ ನಿನ್ನ ಪ್ರೀಮಿಯಂ ನಿಂತಿರುವುದು ಆ ಗೇಟಿನ ಮೇಲೆ, ಆ ಬೇಲಿಯ ಮೇಲೆ. ವರ್ಷದಲ್ಲಿ ಹೆಚ್ಚು ಕಾಲ ಕ್ಯಾರವಾನ್ ನಿಲ್ಲುವುದು ಬೆಜಿಯೆಯ ದ್ರಾಕ್ಷಿತೋಟದಲ್ಲಿ ಎಂದಾದರೆ, ನೀನು ದುಡ್ಡು ಕೊಟ್ಟಿರುವುದು ಒಂದು ಅಪಾಯಕ್ಕೆ, ಹೊತ್ತುಕೊಂಡಿರುವುದು ಇನ್ನೊಂದನ್ನು.

ಯುರೋಪ್ ಕವರ್ ಸುಳ್ಳಲ್ಲ. ಬಹುಪಾಲು ಬ್ರಿಟಿಷ್ ಪಾಲಿಸಿಗಳಲ್ಲಿ ಅದು ಇದ್ದೇ ಇರುತ್ತದೆ. ಆದರೆ ಅದು ಪ್ರವಾಸಕ್ಕೆ ಕೊಟ್ಟ ಕವರ್. ನೀವು ಹೋಗುತ್ತೀರಿ, ಕ್ಯಾಂಪ್‌ಸೈಟಿನಲ್ಲಿ ಇರುತ್ತೀರಿ, ಇಷ್ಟು ದಿನದೊಳಗೆ ಎಳೆದುಕೊಂಡು ವಾಪಸ್ಸು ಬರುತ್ತೀರಿ ಎಂಬ ಎಣಿಕೆಯ ಮೇಲೆ ಬರೆದದ್ದು. ಆ ದಿನಗಳ ಮಿತಿ ಒಂದೊಂದು ಕಂಪನಿಗೆ ಒಂದೊಂದು ಥರ. ನೆಂಟರ ಮನೆಗೆ ಹೋಗಿಬರುವುದು ಬೇರೆ, ಅಲ್ಲೇ ಬಿಡಾರ ಹೂಡುವುದು ಬೇರೆ. ನೀವಿಬ್ಬರೂ ರೀಡಿಂಗಿನಲ್ಲಿ, ಕ್ಯಾರವಾನ್ ಮಾತ್ರ ಫ್ರಾನ್ಸಿನ ಶೆಡ್ಡಿನಲ್ಲಿ ಎಂದರೆ ಅದು ಪ್ರವಾಸವಲ್ಲ, ವಿದೇಶದಲ್ಲಿ ದಾಸ್ತಾನು. ಅದನ್ನು ಎಷ್ಟೋ ಪಾಲಿಸಿಗಳು ಸ್ಪಷ್ಟವಾಗಿ ಹೊರಗಿಡುತ್ತವೆ. ಕೆಲವು ಮೊದಲೇ ಕೇಳಿ ಒಪ್ಪಿಗೆ ಪಡೆದರೆ, ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ಕೊಡುತ್ತವೆ. ನಮ್ಮ ಊರಲ್ಲೂ ಇದು ಹೊಸದೇನಲ್ಲ. ನಿಮ್ಮಪ್ಪನ ಕಾರಿನ ಪಾಲಿಸಿಯನ್ನೇ ನೋಡು, ಭೌಗೋಳಿಕ ವ್ಯಾಪ್ತಿ ಭಾರತ ಎಂದಿರುತ್ತದೆ. ನೇಪಾಳ, ಭೂತಾನಕ್ಕೆ ಹೋಗಬೇಕಾದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ವ್ಯಾಪ್ತಿ ವಿಸ್ತರಿಸಿಕೊಳ್ಳಬೇಕು.

ಬ್ರಿಟನ್ನಿನಲ್ಲಿ ಕ್ಯಾರವಾನಿಗೆ ವಿಮೆ ಕಾನೂನಿನಂತೆ ಕಡ್ಡಾಯವೂ ಅಲ್ಲ. ಎಳೆಯುವಾಗ ಬೇರೆಯವರಿಗೆ ಆಗುವ ಹಾನಿಯನ್ನು ಸಾಮಾನ್ಯವಾಗಿ ಕಾರಿನ ಪಾಲಿಸಿ ನೋಡಿಕೊಳ್ಳುತ್ತದೆ. ಕಾರಿನಿಂದ ಬಿಚ್ಚಿ ನಿಲ್ಲಿಸಿದೆಯೋ, ಆ ನೆರಳು ಅಲ್ಲಿಗೆ ಮುಗಿಯಿತು. ಆಮೇಲೆ ಕಳವು, ಬೆಂಕಿ, ಬಿರುಗಾಳಿ, ಪಕ್ಕದ ಕ್ಯಾರವಾನಿಗೆ ನಿನ್ನದರಿಂದ ಆಗುವ ಹಾನಿ ಎಲ್ಲಕ್ಕೂ ಕ್ಯಾರವಾನಿನ ಸ್ವಂತ ಪಾಲಿಸಿಯೊಂದೇ ಆಸರೆ.

ಒಂದು ಕಡತದ ವಿಷಯ ಹೇಳುತ್ತೇನೆ. ನಿವೃತ್ತ ದಂಪತಿ, ತುಂಬಾ ಸಜ್ಜನರು. ಪ್ರಸ್ತಾವನೆಯಲ್ಲಿ "ಮನೆಯ ಮುಂದಿನ ಡ್ರೈವ್‌ವೇ" ಎಂದು ಬರೆದಿದ್ದರು. ಚಳಿಗಾಲದಲ್ಲಿ ಕ್ಯಾರವಾನನ್ನು ಸ್ಪೇನಿನ ಒಂದು ಕ್ಯಾಂಪ್‌ಸೈಟಿನ ಹಿಂಬದಿಯಲ್ಲಿ ಬಿಟ್ಟು ಬರುವುದು ರೂಢಿಯಾಯಿತು; ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಒಂದು ರಾತ್ರಿ ಪಕ್ಕದ ಶೆಡ್ಡಿಗೆ ಹತ್ತಿದ ಬೆಂಕಿ ಇದಕ್ಕೂ ಹಬ್ಬಿತು. ಫೋಟೋದಲ್ಲಿ ಉಳಿದದ್ದು ಬರೀ ಷಾಸಿ, ಒಂದು ಆಕ್ಸಲ್ಲು. ಟೈರು ಕರಗಿಹೋದ ಚಕ್ರಕ್ಕೆ ವೀಲ್ ಕ್ಲ್ಯಾಂಪು ಮಾತ್ರ ಹಾಕಿದಂತೆಯೇ ಬೀಗ ಬಿಗಿದು ಕೂತಿತ್ತು. ಕ್ಲೇಮ್ ಫಾರಂನಲ್ಲಿ "ಕಳೆದ ಹನ್ನೆರಡು ತಿಂಗಳು ವಾಹನ ಎಲ್ಲಿತ್ತು" ಎಂಬ ಪ್ರಶ್ನೆಗೆ ಆಕೆ ಒಂದಕ್ಷರ ಬಚ್ಚಿಡದೆ ದುಂಡಗಿನ ಅಕ್ಷರದಲ್ಲಿ ಉತ್ತರ ಬರೆದಿದ್ದರು. ಆ ಪ್ರಾಮಾಣಿಕತೆಯನ್ನು ಒಂದು ವರ್ಷ ಮೊದಲು ತೋರಿಸಿದ್ದರೆ ಬೇರೆ ಕಂಪನಿಯ ಪಾಲಿಸಿ ಹುಡುಕಿಕೊಳ್ಳಬಹುದಿತ್ತು. ವಿದೇಶದಲ್ಲಿ ಇಡುತ್ತಾರೆಂದು ಗೊತ್ತಿದ್ದರೆ ಆ ಕಂಪನಿ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ. ಕಟ್ಟಿದ್ದ ಪ್ರೀಮಿಯಂ ವಾಪಸ್ಸಾಯಿತು, ಕ್ಲೇಮ್ ತಿರಸ್ಕಾರವಾಯಿತು. ಕಾನೂನಿನ ಪ್ರಕಾರ ಸರಿ. ಆ ಪತ್ರಕ್ಕೆ ಸಹಿ ಹಾಕುವಾಗ ನನ್ನ ಕೈಗೆ ಹಿತವೆನಿಸಲಿಲ್ಲ, ಅಷ್ಟೆ.

ಕಾನೂನಿನ ಮಾತು ಬಂತಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ನಿನಗೆ ಉಪಯೋಗಕ್ಕೆ ಬರುತ್ತದೆ. ವಿಮೆಯಲ್ಲಿ ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಬೇಕು ಎಂಬ ತತ್ವದ ಹಿಂದಿರುವ ದೊಡ್ಡ ಮೊಕದ್ದಮೆಯೇ ದೂರದೇಶದಲ್ಲಿದ್ದ ಆಸ್ತಿಯೊಂದರದ್ದು. ಸುಮಾತ್ರಾದ ಬೆಂಕೂಲೆನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮಾರ್ಲ್‌ಬರೋ ಕೋಟೆ ಇತ್ತು. ಅದರ ಗವರ್ನರ್ ಜಾರ್ಜ್ ಕಾರ್ಟರ್, ಕೋಟೆ ಶತ್ರುಗಳ ವಶವಾದರೆ ಎಂಬ ಭಯಕ್ಕೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ. 1760ರಲ್ಲಿ ಫ್ರೆಂಚರು ಬಂದು ಹಿಡಿದೇಬಿಟ್ಟರು. ವಿಮೆ ಬರೆದ ಬೋಹ್ಮ್ ಎಂಬಾತ, ಕೋಟೆ ಎಷ್ಟು ದುರ್ಬಲ ಎಂದು ನನಗೆ ಹೇಳಲಿಲ್ಲ ಎಂದು ತಗಾದೆ ತೆಗೆದ. 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟ: ಎರಡೂ ಕಡೆಯವರು ಪೂರ್ಣ ನಂಬಿಕೆಯಿಂದ ನಡೆದುಕೊಳ್ಳಬೇಕು, ಆದರೆ ವಿಮೆ ಬರೆಯುವವನು ತಾನೇ ತಿಳಿದುಕೊಳ್ಳಬಹುದಾದ್ದನ್ನು ಕೇಳದೆ ಬಿಟ್ಟು, ಆಮೇಲೆ ಹೇಳಲಿಲ್ಲ ಎನ್ನುವಂತಿಲ್ಲ. ಗೆದ್ದದ್ದು ಕಾರ್ಟರ್. ಜನ ಈ ಮೊಕದ್ದಮೆಯ ಮೊದಲರ್ಧ ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುತ್ತಾರೆ.

ಈಗ ನಿನ್ನಂಥ ಸಾಮಾನ್ಯ ಗ್ರಾಹಕರಿಗೆ 2012ರ ಕಾಯ್ದೆ ಇದೆ, 2013ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕೇಳದ್ದನ್ನೆಲ್ಲ ಊಹಿಸಿ ಹೇಳುವ ಹೊರೆ ನಿನಗಿಲ್ಲ. ಕೇಳುವುದು ಕಂಪನಿಯ ಕೆಲಸ, ಕೇಳಿದ್ದಕ್ಕೆ ಎಚ್ಚರದಿಂದ ನಿಜ ಹೇಳುವುದು ನಿನ್ನ ಕೆಲಸ. ಉದಾಸೀನದಿಂದ ತಪ್ಪು ಹೇಳಿದ್ದರೆ ಲೆಕ್ಕ ಹೀಗೆ: ನಿಜ ಗೊತ್ತಿದ್ದರೆ 400 ಪೌಂಡ್ ಪ್ರೀಮಿಯಂ ಕೇಳುತ್ತಿದ್ದರು, ನೀನು ಕಟ್ಟಿದ್ದು 300, ಆಗ 16,000 ಪೌಂಡಿನ ಕ್ಯಾರವಾನಿಗೆ ಮುಕ್ಕಾಲು ಪಾಲು, 12,000 ಮಾತ್ರ ಕೈಗೆ ಬರುತ್ತದೆ. ನಿಜ ಗೊತ್ತಿದ್ದರೆ ವಿಮೆಯನ್ನೇ ಕೊಡುತ್ತಿರಲಿಲ್ಲ ಎಂದು ತೋರಿಸಿದರೆ, ಆ ದಂಪತಿಗೆ ಆದದ್ದೇ ಗತಿ. ಬೇಕೆಂದೇ ಸುಳ್ಳು ಹೇಳಿದವರಿಗೆ ಪ್ರೀಮಿಯಂ ಕೂಡ ವಾಪಸ್ಸು ಸಿಗದೆ ಹೋಗಬಹುದು. ನವೀಕರಣದ ಕಾಗದ ಪ್ರತಿವರ್ಷ ಬರುತ್ತದಲ್ಲ, "ವಿವರಗಳಲ್ಲಿ ಬದಲಾವಣೆ ಇದೆಯೇ" ಅಂತ, ಅದಕ್ಕೂ ಇದೇ ನಿಯಮ. ಓದದೆ ಒತ್ತಿಬಿಡಬೇಡ.

ಇನ್ನು ದಿನಗಳ ವಿಷಯ. ಜನ ಎಡವುವುದು ಇಲ್ಲೇ. ಏಕೆಂದರೆ ಮೂರು ಲೆಕ್ಕಗಳು ಒಟ್ಟಿಗೆ ಓಡುತ್ತವೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಪಾಲಿಸಿಯ ಲೆಕ್ಕ, ಮೇಲೆ ಹೇಳಿದೆ. ಎರಡನೆಯದು ನಿನ್ನ ಪಾಸ್‌ಪೋರ್ಟಿನದು. ಬ್ರಿಟಿಷ್ ಪಾಸ್‌ಪೋರ್ಟ್ ಸಿಕ್ಕಿದೆಯೆಂದು ಹೋಳಿಗೆ ಮಾಡಿಸಿಕೊಂಡು ತಿಂದೆ. ಆದರೆ ಯುರೋಪಿಯನ್ ಯೂನಿಯನ್ನಿಗೆ ನೀನು ಈಗ ಹೊರಗಿನವನೇ. ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳೊಳಗೆ 90 ದಿನ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ. ಇನ್ನು ಮುಂದೆ ದಿನ ಎಣಿಸುವುದು ಯಂತ್ರ, ಠಸ್ಸೆ ಹೊಡೆಯುವ ಅಧಿಕಾರಿಯಲ್ಲ.

ಮೂರನೆಯದು ಕ್ಯಾರವಾನಿನದೇ ಲೆಕ್ಕ. 2021ರ ಜನವರಿ 1ರಿಂದ ಅದು ಕೂಡ ಯೂನಿಯನ್ನಿಗೆ ಹೊರಗಿನ ವಸ್ತು. ಹೊರದೇಶದಲ್ಲಿ ವಾಸಿಸುವವನು ಸ್ವಂತಕ್ಕೆ ಬಳಸುವ ವಾಹನವನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಳಗಿಡಬಹುದು, ಆದರೆ ಆರು ತಿಂಗಳು. ಮೀರಿದರೆ ಅದನ್ನು ಆಮದು ಎಂದು ಭಾವಿಸಿ ಸುಂಕ, ಅದರ ಮೇಲೆ ಫ್ರಾನ್ಸಿನ 20% ವ್ಯಾಟ್ ಕೇಳಬಹುದು. ನಿನ್ನ ಕ್ಯಾಂಪ್‌ಸೈಟ್ ಗೆಳೆಯರು ಹೇಳುತ್ತಾರಲ್ಲ, "ನಮ್ಮದು ಹತ್ತು ವರ್ಷದಿಂದ ಅಲ್ಲೇ ಇದೆ, ಯಾರೂ ಕೇಳಿಲ್ಲ" ಅಂತ, ಅವರಲ್ಲಿ ಹೆಚ್ಚಿನವರು ಬ್ರೆಕ್ಸಿಟ್‌ಗಿಂತ ಮುಂಚೆ ಬಿಟ್ಟು ಬಂದವರು. ಅವರ ಕಥೆ ಅವರಿಗೆ. "ವರ್ಷವಿಡೀ ಬಿಟ್ಟುಬಿಡುತ್ತೇವೆ" ಎನ್ನುವ ನಿನ್ನ ಯೋಜನೆಗೆ ಈ ಆರು ತಿಂಗಳೇ ಮೊದಲ ಗೋಡೆ. ಅದರಾಚೆಗೆ ಏನು ದಾರಿಯಿದೆ ಎಂದು ಅಲ್ಲಿನ ಕಸ್ಟಮ್ಸ್ ಕಚೇರಿಗೆ ಬರೆದು ಕೇಳು, ಉತ್ತರವನ್ನು ಜೋಪಾನವಾಗಿಡು.

ಇದರೊಳಗೆ ಮೇಘನಾಳ ವಿಷಯವನ್ನು ನೀನು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ. ಅವಳದು ಇನ್ನೂ ಭಾರತದ ಪಾಸ್‌ಪೋರ್ಟು, ಪ್ರತಿಸಲ ಷೆಂಗೆನ್ ವೀಸಾ ಬೇಕು. ರಜೆಯ ಕಾಲದಲ್ಲಿ ಅಪಾಯಿಂಟ್‌ಮೆಂಟ್ ಸಿಗದೆ ನಮ್ಮ ಕನ್ನಡ ಬಳಗದಲ್ಲೇ ಎಷ್ಟು ಮನೆಯವರ ಟಿಕೆಟ್ ಹಾಳಾಗಿದೆಯೋ. ಅವಳ ವೀಸಾ ತಡವಾದರೆ ನೀವು ಹೋಗುವುದೂ ತಡ. ಕ್ಯಾರವಾನಿನ ಆರು ತಿಂಗಳು ಮಾತ್ರ ಕಾಯುವುದಿಲ್ಲ. ಪಾಲಿಸಿಯ ದಿನಗಳೂ ಕಾಯುವುದಿಲ್ಲ. ಪ್ರವಾಸಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಹಾಕಿಸು. ಸಾಧ್ಯವಾದರೆ ಮಲ್ಟಿಪಲ್ ಎಂಟ್ರಿಯನ್ನೇ ಕೇಳಿ.

ವಿಮಾ ಕಂಪನಿಗಳು ಯಾಕೆ ಇಷ್ಟು ಬಿಗಿಯಾದವು ಎಂದು ಕೇಳುತ್ತೀಯ. 2020ರ ಡಿಸೆಂಬರ್ 31ರವರೆಗೆ ಬ್ರಿಟನ್ನಿನ ಕಂಪನಿ ಒಂದೇ ಪರವಾನಗಿಯಲ್ಲಿ ಇಡೀ ಯೂನಿಯನ್ನಿನಲ್ಲಿ ವಿಮೆ ಮಾರಬಹುದಿತ್ತು. ಆ ಸೌಲಭ್ಯ ಹೋಯಿತು. ವರ್ಷದಲ್ಲಿ ಬಹುಕಾಲ ಫ್ರಾನ್ಸಿನ ನೆಲದಲ್ಲೇ ನಿಂತಿರುವ ವಸ್ತುವಿಗೆ ವಿಮೆ ಬರೆಯುವಾಗ, ಇದು ಬ್ರಿಟನ್ನಿನ ರಿಸ್ಕೋ ಫ್ರಾನ್ಸಿನ ರಿಸ್ಕೋ ಎಂಬ ತಲೆನೋವು ಬೇಡವೆಂದು ಕೆಲವರು ಕೈತೊಳೆದುಕೊಂಡಿದ್ದರೆ ಆಶ್ಚರ್ಯವಿಲ್ಲ. ಹಾಗಾದರೆ ಫ್ರೆಂಚ್ ಕಂಪನಿಯ ಹತ್ತಿರವೇ ಹೋಗೋಣ ಎಂದರೆ, ಅವರು ಮೊದಲು ಕೇಳುವುದು ನೋಂದಣಿ ಪತ್ರ. ಅಲ್ಲಿ ಭಾರದ ಕ್ಯಾರವಾನಿಗೆ ಕಾರಿನ ಹಾಗೆ ಸ್ವಂತ ನಂಬರು, ಸ್ವಂತ ಪತ್ರ ಇರುತ್ತದೆ. ಇಲ್ಲಿ ನಾವು ಎಳೆಯುವ ಕಾರಿನ ನಂಬರನ್ನೇ ಹಿಂದೆ ಅಂಟಿಸಿಕೊಂಡು ಓಡಾಡುವವರು. 1992ರಲ್ಲಿ ಶುರುವಾದ ಕ್ರಿಸ್ ದಾಖಲೆ ಒಳ್ಳೆಯದೇ, ಆದರೆ ಅದು ಇಟ್ಟುಕೊಂಡವರು ಯಾರೆಂದು ಹೇಳುತ್ತದೆ, ಮಾಲೀಕರು ಯಾರೆಂದು ಸಾಬೀತು ಮಾಡುವುದಿಲ್ಲ. ಆದ್ದರಿಂದ ಕೊಂಡ ಬಿಲ್ಲನ್ನು ಕಳೆಯಬೇಡ. 2019ರಿಂದ 750 ಕೆಜಿ ದಾಟಿದ ಖಾಸಗಿ ಟ್ರೇಲರುಗಳನ್ನು ಇಷ್ಟವಿದ್ದರೆ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಯಲ್ಲಿ ನೋಂದಾಯಿಸಿಕೊಳ್ಳಬಹುದು, ಸ್ವಂತ ನಂಬರ್ ಪ್ಲೇಟೂ ಸಿಗುತ್ತದೆ. ಕಾರು ಪಕ್ಕದಲ್ಲಿಲ್ಲದೆ ಪರದೇಶದಲ್ಲಿ ನಿಲ್ಲುವ ಕ್ಯಾರವಾನಿಗೆ ಅದೊಂದು ಗುರುತು ಇರಲಿ ಎಂಬುದು ನನ್ನ ಅಭಿಪ್ರಾಯ.

ಬೆಜಿಯೆ ಸೀಮೆಯ ಆಕಾಶವೂ ನೆಲವೂ ನೀನು ರಜೆಯಲ್ಲಿ ಕಂಡಷ್ಟು ಸಾಧುವಲ್ಲ. ಶರತ್ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಬಿಸಿ ತೇವದ ಗಾಳಿ ಸೆವೆನ್ ಬೆಟ್ಟಗಳಿಗೆ ಬಡಿದು, ಕೆಲವೇ ಗಂಟೆಗಳಲ್ಲಿ ತಿಂಗಳುಗಟ್ಟಲೆಯ ಮಳೆ ಸುರಿಯುವುದು ಅಲ್ಲಿ ಮಾಮೂಲು. ಪಕ್ಕದ ಓಡ್ ಜಿಲ್ಲೆಯಲ್ಲಿ 2018ರ ಅಕ್ಟೋಬರ್‌ನಲ್ಲಿ ರಾತ್ರೋರಾತ್ರಿ ಬಂದ ಪ್ರವಾಹದಲ್ಲಿ ಜನ ಸತ್ತರು. ಅದೇ ಜಿಲ್ಲೆಯಲ್ಲಿ 2025ರ ಆಗಸ್ಟ್‌ನಲ್ಲಿ ಸುಮಾರು 16,000 ಹೆಕ್ಟೇರ್ ಕಾಡು-ಕುರುಚಲು ಸುಟ್ಟುಹೋಯಿತು. ಸ್ಪೇನಿನ ಕಡೆ ಪಿರೆನೀಸ್ ಬೆಟ್ಟದಲ್ಲಿ ಬಿಯೆಸ್ಕಾಸ್ ಎಂಬ ಊರಿದೆ. 1996ರ ಆಗಸ್ಟ್ 7ರ ಸಂಜೆ ಅಲ್ಲಿನ ಕ್ಯಾಂಪ್‌ಸೈಟಿನ ಮೇಲೆ ಅರಾಸ್ ಹಳ್ಳ ಉಕ್ಕಿ ಹರಿದು 87 ಜನ ಕೊಚ್ಚಿಹೋದರು. ಹಳ್ಳ ಹೊತ್ತು ತಂದು ಹರಡಿದ ಮಣ್ಣುದಿಬ್ಬದ ಮೇಲೆಯೇ ಆ ಕ್ಯಾಂಪನ್ನು ಮಾಡಿದ್ದರು. ಹೆದರಿಸಲು ಬರೆಯುತ್ತಿಲ್ಲ. ಶೆಡ್ಡಿನ ವಿಳಾಸವನ್ನು ಫ್ರೆಂಚ್ ಸರ್ಕಾರದ ಜಿಯೋರಿಸ್ಕ್ ತಾಣದಲ್ಲಿ ಹಾಕಿದರೆ ಅಲ್ಲಿ ಪ್ರವಾಹದ ಭಯ ಎಷ್ಟು, ಕಾಡ್ಗಿಚ್ಚಿನದು ಎಷ್ಟು ಎಂದು ತೋರಿಸುತ್ತದೆ. ಒರ್ಬ್ ನದಿಯ ಬಯಲಿನಲ್ಲಿದೆ ಎಂದಾದರೆ ಬೇರೆ ಶೆಡ್ಡು ನೋಡು. ಫ್ರೆಂಚರ ಪಾಲಿಸಿಗಳಿಗೆ 1982ರ ಕಾನೂನಿನಂತೆ ನೈಸರ್ಗಿಕ ವಿಕೋಪದ ರಕ್ಷಣೆ ಅಂಟಿಕೊಂಡೇ ಬರುತ್ತದೆ. ನಿನ್ನ ಬ್ರಿಟಿಷ್ ಪಾಲಿಸಿಗೆ ಆ ಬಾಲವಿಲ್ಲ. ಅದರಲ್ಲಿ ಪ್ರವಾಹ, ಆಲಿಕಲ್ಲು ಎಂದು ಏನು ಬರೆದಿದೆಯೋ ಅಷ್ಟೇ.

ರೈತನ ವಿಮೆ ಇದೆಯಲ್ಲ ಎನ್ನಬೇಡ. ಅದು ಅವನ ಶೆಡ್ಡಿಗೆ, ಅವನ ತಪ್ಪಿಗೆ. ನಿನ್ನ ಕ್ಯಾರವಾನಿಗಲ್ಲ. "ಇಟ್ಟವರ ಹೊಣೆಯಲ್ಲಿ" ಎಂಬ ಸಾಲು ಅವನ ಕರಾರು ಪತ್ರದಲ್ಲಿ ಇರುತ್ತದೆ, ನೋಡಿಕೋ. ಇನ್ನೊಂದು, ನೀವು ಬರುವ ಹಿಂದಿನ ದಿನ ಟ್ರ್ಯಾಕ್ಟರಿಗೆ ಕಟ್ಟಿ ಕ್ಯಾಂಪ್‌ಸೈಟಿಗೆ ತಂದು ನಿಲ್ಲಿಸುತ್ತೇನೆ ಎಂದಿದ್ದಾನಲ್ಲ. ಬಲು ಉಪಕಾರ. ಆದರೆ ನೀನಲ್ಲದವರು ಟ್ರ್ಯಾಕ್ಟರಿನಲ್ಲಿ ಎಳೆಯುವಾಗ ಗೇಟಿನ ಕಂಬಕ್ಕೆ ತಾಗಿದರೆ ಕೊಡುವವರು ಯಾರು? ಈ ಪ್ರಶ್ನೆಯನ್ನು ಕಂಪನಿಗೆ ಹೀಗೇ ಕೇಳು, ಸುತ್ತಿಬಳಸದೆ. ತಾಗಿತೆಂದೇ ಇಟ್ಟುಕೋ, ಬ್ರಿಟನ್ನಿನಲ್ಲಿ ಕಟ್ಟಿದ ಕ್ಯಾರವಾನಿನ ಬಾಗಿಲು ಎಡಗಡೆ, ಅವರದ್ದು ಬಲಗಡೆ. ಪ್ಯಾನೆಲ್ಲು, ಕಿಟಕಿ ಎಲ್ಲ ಇಲ್ಲಿಂದಲೇ ತರಿಸಬೇಕು. ರಿಪೇರಿ ಅಲ್ಲಾಗದಿದ್ದರೆ ಲಾರಿಯ ಮೇಲೆ ವಾಪಸ್ಸು ತರುವ ಖರ್ಚು ಪಾಲಿಸಿಯಲ್ಲಿದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡು.

ಬೀಗಗಳ ಬಗ್ಗೆ ನಿನಗೆ ಹೇಳಬೇಕಿಲ್ಲ. ಹಿಚ್ ಲಾಕು, ವೀಲ್ ಕ್ಲ್ಯಾಂಪು ಎರಡೂ ಹಾಕಿರಬೇಕು ಎಂಬ ಷರತ್ತು ಬಹಳ ಕಡೆ ಇರುತ್ತದೆ. ಟ್ರ್ಯಾಕರ್ ಇದ್ದರೆ ಅದರ ಚಂದಾ ಫ್ರಾನ್ಸಿನಲ್ಲಿ ನಡೆಯುತ್ತದೆಯೇ, ಬ್ಯಾಟರಿ ಸತ್ತ ಮೇಲೆ ಎಷ್ಟು ದಿನ ಉಸಿರಾಡುತ್ತದೆ, ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಹೊಮ್ಮುತ್ತದೆಯೇ ಎಂದು ನೋಡು. ಒಂದು ಸಮಾಧಾನದ ಮಾತೂ ಇದೆ. 2015ರ ವಿಮಾ ಕಾಯ್ದೆಯ ನಂತರ, ಆದ ನಷ್ಟಕ್ಕೆ ಸಂಬಂಧವೇ ಇಲ್ಲದ ಷರತ್ತನ್ನು ಹಿಡಿದು ಕ್ಲೇಮ್ ತಳ್ಳುವಂತಿಲ್ಲ. ಆಲಿಕಲ್ಲು ಬಿದ್ದು ಚಾವಣಿ ತೂತಾದರೆ, ಹಿಚ್ ಲಾಕ್ ಹಾಕಿರಲಿಲ್ಲ ಎಂಬ ನೆಪ ನಡೆಯುವುದಿಲ್ಲ. ಎಲ್ಲಿ ಇಡಬೇಕು ಎಂಬ ಷರತ್ತಿಗೆ ಮಾತ್ರ ಈ ರಿಯಾಯಿತಿಯನ್ನು ನಂಬಿ ಕೂರಬೇಡ. ಅದು ಪಾಲಿಸಿಯ ಬುಡ.

ಮೇಘನಾಳಿಗೆ ಹೇಳು, ಬಿಟ್ಟು ಬರುವಾಗ ಕ್ಯಾರವಾನಿನ ಅಡುಗೆಮನೆಯಲ್ಲಿ ಒಂದು ಹಿಡಿ ರವೆಯೂ ಇರಕೂಡದು. ಅವಲಕ್ಕಿ, ಹುರಿಗಡಲೆ, ಅರ್ಧ ಪೊಟ್ಟಣ ಶ್ಯಾವಿಗೆ, ಮುಂದಿನ ಸಲಕ್ಕಾಯಿತು ಎಂದು ಡಬ್ಬದಲ್ಲಿ ಬಿಟ್ಟು ಬರುವುದು ನಮ್ಮವರ ಅಭ್ಯಾಸ. ಇಲಿಗೆ ಅಷ್ಟು ಸಾಕು. ಡಬ್ಬ ಸಿಗದಿದ್ದರೆ ಹಾಸಿಗೆಯ ಫೋಮು, ಅದೂ ಮುಗಿದರೆ ವೈರು. ಇಲಿ-ಹುಳುಗಳ ಹಾನಿ, ನಿಧಾನವಾಗಿ ಇಳಿಯುವ ತೇವ, ಬೂಷ್ಟು, ಸವೆತ ಇವ್ಯಾವುದಕ್ಕೂ ವಿಮೆ ದುಡ್ಡು ಕೊಡುವುದಿಲ್ಲ. ಎಲ್ಲ ಪಾಲಿಸಿಗಳಲ್ಲೂ ಇದೊಂದು ಮಾತು ಹೆಚ್ಚುಕಡಿಮೆ ಒಂದೇ. ಹಾಗೆಯೇ ಇಲ್ಲಿಂದ ಹೋಗುವಾಗ ತುಪ್ಪದ ಡಬ್ಬ ಇಟ್ಟುಕೊಳ್ಳಬೇಡಿ. ಹಾಲಿನ ಪದಾರ್ಥ, ಮಾಂಸ ಬ್ರಿಟನ್ನಿನಿಂದ ಒಳಗೆ ಒಯ್ಯುವಂತಿಲ್ಲ, ಕ್ಯಾಲೆಯಲ್ಲಿ ಕಿತ್ತುಕೊಂಡರೆ ಹೊಟ್ಟೆ ಉರಿಯುತ್ತದೆ. ಫ್ರಾನ್ಸಿನ ಬೆಣ್ಣೆ ಕಾಯಿಸಿದರೆ ಒಳ್ಳೇ ತುಪ್ಪವೇ ಆಗುತ್ತದೆ.

ನೀರು ಇಳಿಸುವ ಕೆಲಸ ನೀನೇ ಮಾಡು, ರೈತನಿಗೆ ಬಿಡಬೇಡ. ಬಾಯ್ಲರಿನ ಕೆಳಗಿನ ಡ್ರೈನ್ ತೆರೆ, ಪಂಪು ಹೊರಗೆ ತೆಗೆ, ಎಲ್ಲ ನಲ್ಲಿಗಳನ್ನೂ ಬಿಚ್ಚಿಡು. ಬಿಸಿನೀರು-ತಣ್ಣೀರು ಒಂದೇ ಹಿಡಿಯಲ್ಲಿರುವ ನಲ್ಲಿಯನ್ನು ನಡುಮಧ್ಯಕ್ಕೆ ತಿರುಗಿಸಿ ಎತ್ತಿಟ್ಟರೆ ಮಾತ್ರ ಎರಡೂ ಕೊಳವೆಗಳ ನೀರು ಹರಿದುಹೋಗುತ್ತದೆ. ಒಂದು ಕಡೆಗೆ ತಿರುಗಿದ್ದರೆ ಇನ್ನೊಂದು ಕೊಳವೆಯಲ್ಲಿ ನೀರು ನಿಂತು, ಹೆಪ್ಪುಗಟ್ಟಿ, ನಲ್ಲಿಯ ಒಳಭಾಗವೇ ಸೀಳುತ್ತದೆ. ಅಲ್ಲೇನು ಚಳಿ ಎನ್ನಬೇಡ, ದ್ರಾಕ್ಷಿತೋಟದ ರಾತ್ರಿಗಳು ಜನವರಿಯಲ್ಲಿ ಸೊನ್ನೆಗಿಂತ ಇಳಿಯುತ್ತವೆ. ನೀರು ಇಳಿಸದೆ ಆದ ಹಿಮದ ಹಾನಿಗೂ ಕಂಪನಿಗಳು ಸಾಮಾನ್ಯವಾಗಿ ಕೈ ಅಲ್ಲಾಡಿಸಿಬಿಡುತ್ತವೆ. ಹಾಸಿಗೆಗಳನ್ನು ಒರಗಿಸಿ ನಿಲ್ಲಿಸು, ಬೀರುಗಳ ಬಾಗಿಲು ತೆರೆದಿಡು. ಗ್ಯಾಸ್ ಸಿಲಿಂಡರ್ ಬಿಚ್ಚಿ ತಂದುಬಿಡು. ಬ್ರಿಟನ್ನಿನ ಕ್ಯಾಲರ್ ಸಿಲಿಂಡರನ್ನು ಅಲ್ಲಿ ಯಾರೂ ಬದಲಾಯಿಸಿಕೊಡುವುದಿಲ್ಲ, ಶೆಡ್ಡಿಗೆ ಬೆಂಕಿ ಬಿದ್ದರೆ ಅದೊಂದು ಬಾಂಬು. ಎಲ್ಲ ಮುಗಿದ ಮೇಲೆ ಒಳಗೆ, ಹೊರಗೆ, ಚಾವಣಿ, ಬೀಗ ಸಮೇತ ಫೋಟೋ ತೆಗೆ. ಕ್ಲೇಮ್ ವಿಭಾಗದಲ್ಲಿ ಕೂತವಳ ಕಣ್ಣಿಗೆ ತಾರೀಖಿರುವ ಹತ್ತು ಫೋಟೋ ನೂರು ಮಾತಿಗಿಂತ ಬೇಗ ದುಡ್ಡು ಬಿಡಿಸುತ್ತವೆ.

ನಿನಗೆ ಒಂದು ತಮಾಷೆ ಗೊತ್ತೋ ಇಲ್ಲವೋ. ಸುಮ್ಮನೆ ಸಂತೋಷಕ್ಕಾಗಿ ಕ್ಯಾರವಾನ್ ಕಟ್ಟಿಸಿ ಊರೂರು ತಿರುಗಿದ ಮೊದಲಿಗರಲ್ಲಿ ಒಬ್ಬ ನಿಮ್ಮ ರೀಡಿಂಗಿನ ಪಕ್ಕದವನೇ. ನೌಕಾಪಡೆಯ ವೈದ್ಯ, ಡಾ. ಗಾರ್ಡನ್ ಸ್ಟೇಬಲ್ಸ್, ವಾಸ ಟ್ವೈಫರ್ಡ್. 1885ರಲ್ಲಿ ಬ್ರಿಸ್ಟಲ್ಲಿನ ಕಾರ್ಖಾನೆಯಲ್ಲಿ "ವಾಂಡರರ್" ಎಂಬ ಮರದ ಬಂಡಿ ಮಾಡಿಸಿ, ಎರಡು ಕುದುರೆ ಕಟ್ಟಿಕೊಂಡು ಸ್ಕಾಟ್ಲೆಂಡಿನ ಇನ್ವರ್ನೆಸ್ ತನಕ ಹೋದ; ಮುಂದೆ ದಾರಿ ನೋಡಲು ಮೂರು ಚಕ್ರದ ಸೈಕಲ್ಲಿನಲ್ಲಿ ಒಬ್ಬ ಆಳು. ಅವನಿಗೆ ಗಡಿಯಿರಲಿಲ್ಲ, ಕಸ್ಟಮ್ಸ್ ಇರಲಿಲ್ಲ, ಬಳಸಿ ಮುಗಿದ ಮೇಲೆ ಮನೆಗೇ ತರುತ್ತಿದ್ದ. ನೀನೂ ಮನೆಗೇ ತಾ ಎಂದು ನಾನು ಹೇಳುವುದಿಲ್ಲ. ನಿನ್ನ ವಯಸ್ಸಿಗೆ ಸಮುದ್ರದ ಬಿಸಿಲು ಬೇಕು, ಪುಟ್ಟಿಗೂ ಬೇಕು.

ಈಗಿನ ಕಂಪನಿ ಒಪ್ಪದಿದ್ದರೆ ಬೇಸರಪಡಬೇಡ. ಕ್ಯಾರವಾನ್ ವಿಮೆಯನ್ನೇ ಕಸುಬು ಮಾಡಿಕೊಂಡ ಬ್ರೋಕರುಗಳಿದ್ದಾರೆ. ಬ್ರಿಟಿಷ್ ಬ್ರೋಕರುಗಳ ಸಂಘ ಬೀಬಾಕ್ಕೆ ಫೋನು ಮಾಡಿದರೆ ಯಾರ ಹತ್ತಿರ ಹೋಗಬೇಕೆಂದು ಹೇಳುತ್ತಾರೆ. ಪ್ರೀಮಿಯಂ ಹೆಚ್ಚಾಗುತ್ತದೆ, ಅದರ ಮೇಲೆ 12% ತೆರಿಗೆಯೂ ಕೂಡುತ್ತದೆ. ಉಳಿತಾಯದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ ನೋಡು. ನಾಳೆ ಒಪ್ಪಿದ ಮಾತಿಗೆ ಕಂಪನಿ ತಪ್ಪಿದರೆ ಮೊದಲು ಅವರಿಗೇ ದೂರು ಕೊಡು, ಉತ್ತರಕ್ಕೆ ಅವರಿಗೆ ಎಂಟು ವಾರ. ಆಮೇಲೂ ಸರಿಹೋಗದಿದ್ದರೆ ಆರು ತಿಂಗಳೊಳಗೆ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ನಿನಗೆ ಒಂದು ಪೆನ್ನಿ ಖರ್ಚಿಲ್ಲ. ಆದರೆ ಅಲ್ಲಿ ನಿನ್ನ ಕೈಯಲ್ಲಿ ಕಾಗದ ಇರಬೇಕು. "ಫೋನಿನಲ್ಲಿ ಹುಡುಗಿ ಆಗತ್ತೆ ಅಂದಳು" ಎಂಬ ವಾದ ಹಿಡಿದು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ, ಆ ಹುಡುಗಿಯ ಹೆಸರೂ ಅವರಿಗೆ ಗೊತ್ತಿರುತ್ತಿರಲಿಲ್ಲ.

ರೈತನಿಗೆ ಮುಂಗಡ ಇನ್ನೂ ಕೊಟ್ಟಿಲ್ಲ ಎಂದುಕೊಂಡಿದ್ದೇನೆ. ಕೊಡಬೇಡ. ಶೆಡ್ಡಿನ ಪೂರ್ತಿ ವಿಳಾಸ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಗೇಟು, ಬೀಗ, ಕಾವಲು ಏನಿದೆ, ಟ್ರ್ಯಾಕ್ಟರು ಎಳೆಯುತ್ತದೆ ಎಂಬುದನ್ನೆಲ್ಲ ಬರೆದು ಕಂಪನಿಗೆ ಇ-ಮೇಲ್ ಮಾಡು. ಒಪ್ಪಿಗೆ ಬಂದು, ಶೆಡ್ಯೂಲಿನಲ್ಲಿ ಬೆಜಿಯೆಯ ವಿಳಾಸ ಅಚ್ಚಾಗಿ ಕೈಸೇರಿದ ಮೇಲೆ ಮುಂಗಡ ಕೊಟ್ಟರಾಯಿತು. ಕಳಿಸುವ ಮುಂಚೆ ಆ ಪತ್ರವನ್ನೂ ಪಾಲಿಸಿಯ ಪುಸ್ತಿಕೆಯನ್ನೂ ನನಗೊಮ್ಮೆ ತೋರಿಸು. ಕನ್ನಡಕ ಬದಲಾಯಿಸಿದ್ದೇನೆ, ಸಣ್ಣಕ್ಷರ ಓದಲು ಈಗ ಯಾವ ತೊಂದರೆಯೂ ಇಲ್ಲ.

ಪುಟ್ಟಿಗೆ ಮುತ್ತು. ಮೇಘನಾಳಿಗೆ ಆಶೀರ್ವಾದ.

ಇಂತು,
ನಿನ್ನ ಅತ್ತೆ